ಶಾಣ್ಯಾ ಕೂಸಿಗೆ ಯಾವೂರ ಸಾಲಿ?

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯ ರೈತ ಕುಟುಂಬವೊಂದು ಮಗಳನ್ನು ನಾಲ್ಕನೇ ಇಯತ್ತೆಗೆ ಹುಬ್ಬಳ್ಳಿಯ ಶಾಲೆಗೆ ಹಾಕಿತು ಎಂದಿಟ್ಟುಕೊಳ್ಳೋಣ. ಹುಡುಗಿ ಲೆಕ್ಕದಲ್ಲಿ ಚುರುಕು, ಅಕ್ಕನ ಏಳನೇ ಇಯತ್ತೆಯ ಪುಸ್ತಕ ತೆಗೆದು ತಾನೇ ಬಿಡಿಸುತ್ತಾಳೆ. ‘ಇಷ್ಟು ಶಾಣ್ಯಾ ಕೂಸನ್ನ ಇಲ್ಲೇ ಯಾಕ ಇಟ್ಟೀರಿ, ಶಹರಕ್ಕ ಹಾಕ್ರಿ’ ಎಂದು ಕಟ್ಟೆಯ ಮೇಲೆ ಕೂತವರಿಂದ ಹಿಡಿದು ಬೀಗರವರೆಗೆ ಎಲ್ಲರೂ ಹೇಳಿಯಾಗಿದೆ. ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ಬಾಡಿಗೆ ಮನೆಗೆ ಅಡ್ವಾನ್ಸೂ ಕೊಟ್ಟಾಯಿತು. ಮುಂದಿನ ವರ್ಷ ನವೋದಯದ ಅರ್ಜಿ ತುಂಬಲು ಕೂತಾಗ ಗೊತ್ತಾಗುತ್ತದೆ: ಆ ಅರ್ಜಿಯ ಪಾಲಿಗೆ ಅವಳು ಈಗ ಹಳ್ಳಿಯ ಹುಡುಗಿಯಲ್ಲ.

ನಿಯಮ ಬಲು ಕಟ್ಟುನಿಟ್ಟು. ಜವಾಹರ ನವೋದಯ ವಿದ್ಯಾಲಯಗಳಲ್ಲಿ ಕನಿಷ್ಠ ಶೇ 75ರಷ್ಟು ಸೀಟು ಜಿಲ್ಲೆಯ ಗ್ರಾಮೀಣ ಮಕ್ಕಳಿಗೆ ಮೀಸಲು. ಆ ಪಾಲಿಗೆ ಸೇರಬೇಕಾದರೆ 3, 4 ಮತ್ತು 5ನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಆ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಕೂತಿದ್ದರೂ ಮಗು ನಗರದ ಅಭ್ಯರ್ಥಿ. ಅದಕ್ಕೆ ಹುಬ್ಬಳ್ಳಿಯವರೆಗೆ ಹೋಗಬೇಕೆಂದೂ ಇಲ್ಲ. ಪಟ್ಟಣ ಪಂಚಾಯಿತಿ ಇರುವ ಕುಂದಗೋಳದ ಶಾಲೆಗೆ ಸೇರಿದರೂ ಅದೇ ಲೆಕ್ಕ. ಪರೀಕ್ಷೆ ಬರೆಯಲು ಸಿಗುವುದು ಒಂದೇ ಅವಕಾಶ, ಅದೂ ಐದನೇ ಇಯತ್ತೆ ಓದುತ್ತಿರುವ ಜಿಲ್ಲೆಯಲ್ಲೇ. ಪಟ್ಟಣದವರು ಹಳ್ಳಿಯ ಕಾಗದ ತೋರಿಸಿ ಸೀಟು ಹೊಡೆಯಬಾರದು ಎಂಬ ಉದ್ದೇಶ ಸರಿಯೇ. ಆದರೆ ಏಟು ಬೀಳುತ್ತಿರುವುದು ಮಗುವಿನ ಒಳಿತಿಗೆಂದೇ ಗುಳೆ ಎದ್ದ ತಂದೆ ತಾಯಿಗೂ.

ಬುದ್ಧಿವಂತ ಮಗುವಿನ ಸಲುವಾಗಿ ಊರು ಬಿಡುವವರನ್ನು, ಊರು ಬಿಡಲೇಬೇಕಾಗಿ ಬಂದಾಗ ಮಗುವಿಗೆ ಶಾಲೆ ಹುಡುಕುವವರನ್ನು ನಮ್ಮ ಶಿಕ್ಷಣ ವ್ಯವಸ್ಥೆ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ತೆಗೆದುಕೊಂಡದ್ದು ಒಂದು ವರ್ಗವನ್ನು ಮಾತ್ರ. 1963ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯಾಲಯಗಳ ಮೂಲ ಉದ್ದೇಶವೇ ವರ್ಗಾವಣೆಯಾಗುವ ಕೇಂದ್ರ ನೌಕರರ ಮಕ್ಕಳ ಓದು ಕೆಡಬಾರದು ಎಂಬುದು. ಅಪ್ಪ ಜೋಧಪುರದಿಂದ ಹುಬ್ಬಳ್ಳಿಗೆ ಬಂದರೆ ಮಗನಿಗೆ ಅದೇ ಪಠ್ಯ, ಅದೇ ಪುಸ್ತಕ, ಪ್ರವೇಶದಲ್ಲಿ ಆದ್ಯತೆ. ಊರು ಬದಲಾದರೆ ಮಗುವಿನ ಕಲಿಕೆಗೆ ಪೆಟ್ಟು ಬೀಳುತ್ತದೆ ಎಂಬುದನ್ನು ಸರ್ಕಾರ ಅರವತ್ತು ವರ್ಷಗಳ ಹಿಂದೆಯೇ ಒಪ್ಪಿಕೊಂಡಿದೆ ಎಂದಾಯಿತು. ಯರಗುಪ್ಪಿಯಿಂದ ಗೋವಾಕ್ಕೆ ಕೂಲಿಗೆ ಹೋದವನ ಮಗನಿಗೂ, ಕುಂದಗೋಳ ತಾಲ್ಲೂಕಿಗೆ ವರ್ಗವಾಗಿ ಬಂದ ನರ್ಸಮ್ಮನ ಮಗಳಿಗೂ ಆ ಪೆಟ್ಟು ಅಷ್ಟೇ ನೋಯುತ್ತದೆ ಎಂಬುದನ್ನು ಮಾತ್ರ ಇನ್ನೂ ಒಪ್ಪಿಕೊಳ್ಳಬೇಕಾಗಿದೆ.

ಉಳಿದವರ ಪಾಲಿಗಿರುವುದು ಆರನೇ ಇಯತ್ತೆ ಎಂಬ ಒಂದೇ ಬಾಗಿಲು. ನವೋದಯ, ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ವಿಜಯಪುರದ ಸೈನಿಕ ಶಾಲೆ, ಎಲ್ಲಕ್ಕೂ ಮುಖ್ಯ ಪ್ರವೇಶ ಅಲ್ಲಿಯೇ. ಹತ್ತು ಹನ್ನೊಂದನೇ ವಯಸ್ಸಿನಲ್ಲಿ ಒಂದು ಪರೀಕ್ಷೆ. ಪಾಸಾದರೆ ಬಹುತೇಕ ಕಡೆ ಟ್ರಂಕು ಹೊತ್ತು ಹಾಸ್ಟೆಲ್ಲಿಗೆ, ಇಲ್ಲವಾದರೆ ಇದ್ದಲ್ಲಿಗೆ. ನವೋದಯದ ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಅರ್ಧದಷ್ಟು ಅಂಕಗಳು ಚಿತ್ರ ಹೊಂದಿಸುವ, ಬೇರೆಯದನ್ನು ಗುರುತಿಸುವ ಬೌದ್ಧಿಕ ಸಾಮರ್ಥ್ಯದ ಪ್ರಶ್ನೆಗಳಿಗೆ. ಒಳ್ಳೆಯ ಪರೀಕ್ಷೆಯೇ. ಆದರೆ ಧಾರವಾಡ, ವಿಜಯಪುರಗಳಲ್ಲಿ ಈ 80 ಪ್ರಶ್ನೆಗಳ ಸುತ್ತ ಎದ್ದಿರುವ ಕೋಚಿಂಗ್ ವ್ಯಾಪಾರ ನೋಡಿದರೆ ಆರಿಸಿ ಬರುವುದು ಪ್ರತಿಭೆಯೋ, ತಾಲೀಮೋ ಎಂಬ ಅನುಮಾನ ಬರುತ್ತದೆ. ಇನ್ನು ಏಳನೇ ಇಯತ್ತೆಯ ನಡುವೆ ಅಪ್ಪನಿಗೆ ವರ್ಗವಾದರೆ? ಬಾಗಿಲು ಮುಚ್ಚಿದೆ. ಒಂಬತ್ತನೇ ತರಗತಿಯಲ್ಲಿ ಖಾಲಿ ಉಳಿದ ಸೀಟುಗಳಿಗೆ ನವೋದಯ ಇನ್ನೊಂದು ಪರೀಕ್ಷೆ ನಡೆಸುತ್ತದೆ, ಅದು ಕಿಟಕಿ.

ಊರು ಬಿಡುವ ಮೊದಲು ಊರಿನ ಶಾಲೆಯನ್ನೇ ಒಮ್ಮೆ ಸರಿಯಾಗಿ ನೋಡಬೇಕು ಎಂದರೆ ಯಾರೂ ನಂಬುವುದಿಲ್ಲ. ಆದರೆ ಒಂದರಿಂದ ಮೂರನೇ ಇಯತ್ತೆಯವರೆಗೆ ಕನ್ನಡ ಸರ್ಕಾರಿ ಶಾಲೆಗಳಲ್ಲಿ ನಡೆಯುವ ನಲಿ-ಕಲಿ, ಚುರುಕು ಮಗುವಿಗೆ ಶಹರದ ಬಹುತೇಕ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗಿಂತ ಹೆಚ್ಚು ಅನುಕೂಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿ ಇದು. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಗೋಡೆಯ ಮೇಲೆ ಕಲಿಕಾ ಏಣಿ, ನೆಲದ ಮೇಲೆ ಗುಂಪಿಗೊಂದು ತಟ್ಟೆ, ಕೈಯಲ್ಲಿ ಕಾರ್ಡು. ಒಂದು ಮೆಟ್ಟಿಲು ಮುಗಿಸಿದ ಮಗು ಪಕ್ಕದವನಿಗಾಗಿ ಕಾಯದೆ ಮುಂದಿನ ಕಾರ್ಡು ಎತ್ತಿಕೊಳ್ಳುತ್ತದೆ. ಮೊದಲು ಗುರುಗಳ ಪೂರ್ಣ ಸಹಾಯದ ತಟ್ಟೆ, ಆಮೇಲೆ ಗೆಳೆಯರ ಸಹಾಯದ್ದು, ಕೊನೆಗೆ ಸ್ವಕಲಿಕೆಯದು. ಕಾಗದದ ಮೇಲಾದರೂ, ಒಂದನೇ ಇಯತ್ತೆಯ ಮಗು ಎರಡನೆಯದರ ಏಣಿ ಹತ್ತುವುದನ್ನು ತಡೆಯುವಂಥದ್ದು ಇದರಲ್ಲಿ ಏನೂ ಇಲ್ಲ. ಮಾಸ್ತರರು ಮನಸ್ಸಿಟ್ಟು ನಡೆಸುತ್ತಿದ್ದಾರೋ, ಕಾರ್ಡುಗಳು ಬೀರುವಿನಲ್ಲಿ ಧೂಳು ತಿನ್ನುತ್ತಿವೆಯೋ ಎಂಬುದು ಬೇರೆ ಮಾತು. ಅದು ಶಾಲೆಗೆ ಹೋಗಿ ಅರ್ಧ ದಿನ ಕೂತರೆ ಗೊತ್ತಾಗುತ್ತದೆ. ತೊಂದರೆ ಇರುವುದು ನಾಲ್ಕನೇ ಇಯತ್ತೆಯಲ್ಲಿ. ಅಲ್ಲಿಗೆ ಏಣಿ ಮುಗಿದು, ಎಲ್ಲರಿಗೂ ಒಂದೇ ಪುಟ, ಒಂದೇ ಪಾಠ ಶುರುವಾಗುತ್ತದೆ. ಚುರುಕು ಮಗು ಬೇಸರದಿಂದ ಗಲಾಟೆಗಿಳಿಯುವುದೂ, ತಾಯ್ತಂದೆ ಶಹರದ ಕಡೆ ನೋಡುವುದೂ ಆಗಲೇ. ನವೋದಯದ ‘ಒಂದು ದಿನ’ದ ನಿಯಮ ಕಾದು ಕುಳಿತಿರುವುದೂ ಸರಿಯಾಗಿ ಅಲ್ಲಿಯೇ.

ಚುರುಕು ಮಗುವಿಗೆ ತಕ್ಕ ಶಾಲೆಯ, ಗುರುವಿನ ಈ ಹುಡುಕಾಟ ಕುಂದಗೋಳದ ನೆಲಕ್ಕೆ ಹೊಸದಲ್ಲ. 1886ರಲ್ಲಿ ಇಲ್ಲಿ ಹುಟ್ಟಿದ ರಾಮಚಂದ್ರ, ಮುಂದೆ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವ ಎನಿಸಿಕೊಂಡವರು, ಕುಂದಗೋಳದಿಂದ ರೈಲಿನಲ್ಲಿ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿಗೆ ಹೋಗುತ್ತಿದ್ದರು. ಓದು ತಲೆಗೆ ಹತ್ತಲಿಲ್ಲ, ಹಾಡು ಹತ್ತಿತು. ಬಲವಂತರಾವ್ ಕೊಲ್ಹಟಕರ್ ಎಂಬುವರು ಹುಡುಗನಿಗೆ ಧ್ರುಪದ, ತರಾನಾಗಳನ್ನು ಹೇಳಿಕೊಟ್ಟರು. 1898ರಲ್ಲಿ ಅವರು ತೀರಿಕೊಂಡ ಮೇಲೆ ಶಾಲೆಯೂ ಬಿಟ್ಟುಹೋಯಿತು. ಸಾಮಾನ್ಯ ಕಾರಕೂನನಾಗಿದ್ದ ತಂದೆ ಮಗನನ್ನು ಬೈದು ಮತ್ತೆ ಶಾಲೆಗೆ ಅಟ್ಟುವ ಬದಲು ಮುಂದಿನ ಗುರುವನ್ನು ಹುಡುಕಿದರು. ಹುಡುಗ ಅಬ್ದುಲ್ ಕರೀಂ ಖಾನರ ಕೈಸೇರಿದ.

ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ಕುಟುಂಬ ಮಗಳ ಸಂಗೀತಕ್ಕಾಗಿಯೇ 1928ರಲ್ಲಿ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂತು. ಐದನೇ ಇಯತ್ತೆಗೆ ಶಾಲೆ ನಿಂತಿದ್ದ ಹುಡುಗಿ ಮೊದಲು ಕೃಷ್ಣಾಚಾರ್ಯರಲ್ಲಿ ಕಲಿತಳು. ನಾಟಕ ಕಂಪನಿಗಳ ಜೊತೆ ಊರೂರು ತಿರುಗುತ್ತಿದ್ದ ಸವಾಯಿ ಗಂಧರ್ವರು ಊರಿಗೆ ಮರಳಿ ನಿಂತ ಮೇಲೆ, ಮೂವತ್ತರ ದಶಕದ ಕೊನೆಯಲ್ಲಿ, ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ತಾಲೀಮು ನಡೆಸಿದರು. ಗುರು ಹುಬ್ಬಳ್ಳಿಗೆ ಓದಲು ಹೋಗುತ್ತಿದ್ದ ಹಳಿಯ ಮೇಲೆಯೇ ಶಿಷ್ಯೆ ಎದುರು ದಿಕ್ಕಿನಲ್ಲಿ ಬಂದರು.

ಎಲ್ಲರಿಗಿಂತ ದೂರ ಹೋಗಿ ಬಂದವರು ಭೀಮಸೇನ ಜೋಶಿ. ತಂದೆ ಶಾಲಾ ಮಾಸ್ತರರು. 1933ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಹುಡುಗ ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟ. ಗ್ವಾಲಿಯರದ ಮಾಧವ ಸಂಗೀತ ಶಾಲೆ, ರಾಂಪುರ, ಕೋಲ್ಕತ್ತ ಎಂದು ಅಲೆದು ಜಲಂಧರದವರೆಗೆ ತಲುಪಿದ. ಅಲ್ಲಿ ಭೇಟಿಯಾದ ವಿನಾಯಕರಾವ್ ಪಟವರ್ಧನರು ಹೇಳಿದ್ದು, ನಿಮ್ಮೂರಿನ ಬಳಿಯೇ ಸವಾಯಿ ಗಂಧರ್ವರಿರುವಾಗ ಇಲ್ಲೇಕೆ ಬಂದೆ ಎಂದು. 1936ರಲ್ಲಿ ಅವರು ಕುಂದಗೋಳದಲ್ಲಿ ಶಿಷ್ಯರಾದರು, 1940ರವರೆಗೆ ಇದ್ದರು. ಗದಗಿನಿಂದ ಜಲಂಧರ ಎಷ್ಟು ದೂರ, ಕುಂದಗೋಳ ಎಷ್ಟು ಹತ್ತಿರ ಎಂಬುದನ್ನು ಹುಬ್ಬಳ್ಳಿ, ಧಾರವಾಡದ ಶಾಲೆಗಳ ಜಾಹೀರಾತು ಫಲಕಗಳ ಕೆಳಗೆ ನಿಂತ ಪಾಲಕರು ಒಮ್ಮೆ ನಕ್ಷೆಯಲ್ಲಿ ನೋಡಿಕೊಳ್ಳಬಹುದು.

ಸಂಗೀತಕ್ಕೆ ಗುರುವಿದ್ದರೆ ಸಾಕು, ಗಣಿತಕ್ಕೆ ಶಾಲೆ ಬೇಕಲ್ಲ ಎನ್ನುವವರಿಗೆ ಆಸ್ಟ್ರೇಲಿಯಾದ ಅಡಿಲೇಡ್‌ನ ಉದಾಹರಣೆ ಇದೆ. 2006ರಲ್ಲಿ ಫೀಲ್ಡ್ಸ್ ಪದಕ ಪಡೆದ ಗಣಿತಜ್ಞ ಟೆರೆನ್ಸ್ ಟಾವೊ ಮೂರೂವರೆ ವರ್ಷದವನಿದ್ದಾಗ ತಾಯ್ತಂದೆ ಖಾಸಗಿ ಶಾಲೆಯೊಂದಕ್ಕೆ ಸೇರಿಸಿದರು. ಹುಡುಗನನ್ನು ಹೇಗೆ ನಿಭಾಯಿಸಬೇಕೆಂದು ಅಲ್ಲಿಯವರಿಗೆ ತಿಳಿಯಲಿಲ್ಲ; ಕೆಲವೇ ವಾರಗಳಲ್ಲಿ ಬಿಡಿಸಿ ಮನೆಯಲ್ಲೇ ಇಟ್ಟುಕೊಂಡರು. ತಂದೆ ಮಕ್ಕಳ ವೈದ್ಯರು, ತಾಯಿ ಹಾಂಗ್‌ಕಾಂಗ್‌ನಲ್ಲಿ ಗಣಿತ ಕಲಿಸಿದವರು; ಅಂಥವರೂ ಮೊದಲ ಸಲ ಎಡವಿದರು ಎಂಬುದು ಗಮನಿಸಬೇಕಾದ ಮಾತು. ಐದನೇ ವಯಸ್ಸಿಗೆ ಅವರು ಆರಿಸಿದ್ದು ಬೆಲ್ವ್ಯೂ ಹೈಟ್ಸ್ ಎಂಬ ಪ್ರಾಥಮಿಕ ಶಾಲೆಯನ್ನು. ಅದರ ಮುಖ್ಯ ಶಿಕ್ಷಕರು ವೇಳಾಪಟ್ಟಿಯನ್ನು ಮಗುವಿಗೆ ತಕ್ಕಂತೆ ಬದಲಿಸಲು ಸಿದ್ಧರಿದ್ದರು. ಹುಡುಗ ಗಣಿತಕ್ಕೆ ಮೇಲಿನ ತರಗತಿಯಲ್ಲಿ ಕೂತ, ಉಳಿದದ್ದಕ್ಕೆ ಚಿಕ್ಕವರ ಜೊತೆಗೇ ಉಳಿದ. ಇದಕ್ಕೆ ಪ್ರಯೋಗಾಲಯವಾಗಲಿ, ಸ್ಮಾರ್ಟ್ ಬೋರ್ಡ್ ಆಗಲಿ ಬೇಕಾಗಲಿಲ್ಲ.

ಹಾಗಾಗಿ ಹೊಸ ಊರಿನಲ್ಲಿ ಶಾಲೆ ಹುಡುಕುವ ಪಾಲಕರು ಮೊದಲು ಭೇಟಿಯಾಗಬೇಕಾದವರು ಹೆಡ್‌ಮಾಸ್ತರರು, ಆಫೀಸಿನ ಫೀ ಕೌಂಟರ್ ಅಲ್ಲ. ಕೇಳಬೇಕಾದ ಪ್ರಶ್ನೆ ‘ರಿಸಲ್ಟ್ ಎಷ್ಟು’ ಎಂಬುದೂ ಅಲ್ಲ. ಐದನೇ ಇಯತ್ತೆಯ ಹುಡುಗಿ ಗಣಿತದ ಪಿರಿಯಡ್ಡಿಗೆ ಏಳನೆಯದರಲ್ಲಿ ಕೂರಬಹುದೇ? ಮಗು ಪಾಠ ಮೊದಲೇ ಮುಗಿಸಿದರೆ ಮಾಸ್ತರರು ಏನು ಕೊಡುತ್ತಾರೆ? ಗ್ರಂಥಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಮೂರನೇ ಪ್ರಶ್ನೆಗೆ ಮುಖ ಗಂಟಿಕ್ಕಿದ ಶಾಲೆಯಲ್ಲಿ ಮೊದಲಿನ ಎರಡರ ಉತ್ತರಕ್ಕೆ ಕಾಯುವ ಅಗತ್ಯವಿಲ್ಲ. ಮಾಧ್ಯಮದ ಮಾತೂ ಇದೆ. ಕನ್ನಡದಲ್ಲಿ ಥಟ್ಟನೆ ಯೋಚಿಸುತ್ತಿದ್ದ ಮಗುವನ್ನು ರಾತ್ರೋರಾತ್ರಿ ಇಂಗ್ಲಿಷಿಗೆ ದೂಡಿದರೆ ವರ್ಷವಿಡೀ ಅದು ದಡ್ಡರ ಬೆಂಚಿನಲ್ಲಿ ಕೂತಂತೆಯೇ. ನವೋದಯದಂಥ ನವೋದಯವೇ ಮೊದಲ ವರ್ಷಗಳಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಕಲಿಸಿ ಆಮೇಲೆ ಇಂಗ್ಲಿಷಿಗೆ ದಾಟಿಸುತ್ತದೆ. ಆ ತಾಳ್ಮೆ ಪಾಲಕರಿಗೇಕೆ ಇರಬಾರದು?

ಪಾಲಕರು ಮಾಡಬೇಕಾದ್ದು ಇಷ್ಟಾದರೆ ಇಲಾಖೆ ಮಾಡಬೇಕಾದ್ದು ಇದಕ್ಕಿಂತ ಸುಲಭ. ಮಗು ಊರು ಬಿಡುವಾಗ ಅದರ ಜೊತೆ ಹೋಗುವ ಕಾಗದ ಟಿ.ಸಿ. ಹೆಸರು, ತಂದೆ ತಾಯಿ ಹೆಸರು, ಜನ್ಮ ದಿನಾಂಕ, ಜಾತಿ, ಓದುತ್ತಿದ್ದ ತರಗತಿ, ನಡತೆ ‘ಉತ್ತಮ’. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಇದನ್ನು ಕೂಡಲೇ ಕೊಡಬೇಕೆನ್ನುತ್ತದೆ, ತಡವಾಯಿತೆಂಬ ನೆವದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದೂ ಹೇಳುತ್ತದೆ. ಈಗಂತೂ ಕರ್ನಾಟಕದ ಶಾಲೆಗೆ ದಾಖಲಾದ ಪ್ರತಿ ಮಗುವಿಗೂ ಸ್ಯಾಟ್ಸ್ ಎಂಬ ವಿದ್ಯಾರ್ಥಿ ದಾಖಲೆಯ ಪೋರ್ಟಲ್ಲಿನಲ್ಲಿ ಒಂದು ಸಂಖ್ಯೆ ಇದೆ. ಹಳೆಯ ಶಾಲೆಯಿಂದ ಹೊಸ ಶಾಲೆಗೆ ದಾಖಲೆ ಆನ್‌ಲೈನಿನಲ್ಲೇ ದಾಟುತ್ತದೆ. ಆದರೆ ಈ ಹುಡುಗಿ ಮೂರನೆಯದರಲ್ಲಿದ್ದಾಗ ಏಳನೆಯದರ ಲೆಕ್ಕ ಬಿಡಿಸುತ್ತಿದ್ದಳು ಎಂದು ಬರೆಯಲು ಅಲ್ಲಿ ಜಾಗ ಎಲ್ಲಿ? ಯರಗುಪ್ಪಿಯ ಮಾಸ್ತರರು ವರ್ಷಗಟ್ಟಲೆ ನೋಡಿ ತಿಳಿದದ್ದನ್ನು ಹುಬ್ಬಳ್ಳಿಯ ಟೀಚರ್ ಮೊದಲಿನಿಂದ ಕಂಡುಹಿಡಿಯಬೇಕು, ಅದೂ ಐವತ್ತು ಮಕ್ಕಳ ಗದ್ದಲದಲ್ಲಿ. ಹಳೆಯ ಗುರುಗಳು ನಾಲ್ಕು ಸಾಲು ಬರೆಯುವ ಒಂದು ಅಂಕಣವನ್ನು ಆ ಪೋರ್ಟಲ್ಲಿಗೆ ಸೇರಿಸಲು ಬಜೆಟ್ ಬೇಕಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳಿಗಾಗಿ ಶಾಲೆಯಿಂದ ಹಿಡಿದು ಜಿಲ್ಲೆಯವರೆಗೆ ವಿಷಯವಾರು ಕೂಟಗಳು ಇರಬೇಕೆಂದಿತ್ತು. ರಾಜ್ಯ ಆ ನೀತಿಯನ್ನು ಬದಿಗಿಟ್ಟು ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ತನ್ನದೇ ಆಯೋಗ ರಚಿಸಿ, 2025ರ ಆಗಸ್ಟ್‌ನಲ್ಲಿ ವರದಿ ಪಡೆಯಿತು. ಯಾವ ನೀತಿಯದಾದರೂ ಆಗಲಿ, ಕುಂದಗೋಳದಲ್ಲಿ ಶನಿವಾರ ಮಧ್ಯಾಹ್ನ ಒಂದು ಗಣಿತ ಕೂಟ ನಡೆದರೆ ಯರಗುಪ್ಪಿ, ಸಂಶಿ, ಗುಡಗೇರಿಯ ಕೆಲವು ಕುಟುಂಬಗಳಾದರೂ ಮನೆ ಖಾಲಿ ಮಾಡುವುದನ್ನು ಎರಡು ವರ್ಷ ಮುಂದೂಡಿಯಾವು. ರಾಜ್ಯದ ಎಂಟುನೂರಕ್ಕೂ ಹೆಚ್ಚು ವಸತಿ ಶಾಲೆಗಳಲ್ಲಿ ಏಳು, ಎಂಟನೇ ಇಯತ್ತೆಗೆ ತಲಾ ಎರಡು ಸೀಟನ್ನು ನಡುವರ್ಷ ಊರು ಬದಲಿಸಿದ ಮಕ್ಕಳಿಗೆಂದು ಇಟ್ಟರೆ ಆರನೆಯದರ ಬಾಗಿಲ ಮುಂದಿನ ನೂಕುನುಗ್ಗಲೂ ಕಡಿಮೆಯಾದೀತು. ನವೋದಯದ ‘ಒಂದು ದಿನ’ವನ್ನು ಒಂದು ವರ್ಷ ಮಾಡುವುದು ಕೇಂದ್ರದ ಕೈಯಲ್ಲಿದೆ, ಧಾರವಾಡದ ಸಂಸದರು ಕೇಂದ್ರ ಸಂಪುಟದಲ್ಲಿದ್ದಾರೆ.

ಅದು ಆಗುವವರೆಗೆ, ಈ ಮೇ ತಿಂಗಳಲ್ಲಿ ಸಾಮಾನು ಕಟ್ಟಬೇಕೆಂದಿರುವ ಹಳ್ಳಿಯ ಕುಟುಂಬಗಳು ಮಗುವಿನ ಐದನೇ ಇಯತ್ತೆ ಮುಗಿಯುವವರೆಗೆ ಕಾಯುವುದು ಒಳಿತು. ಕಾಯಲಾಗದವರು ಟಿ.ಸಿ. ಪಡೆಯಲು ಹೋದಾಗ, ಮಗುವಿನ ಬಗ್ಗೆ ಒಂದು ಹಾಳೆಯಲ್ಲಿ ತಮಗೆ ತಿಳಿದದ್ದನ್ನು ಬರೆದು ಸಹಿ ಹಾಕಿ ಕೊಡಿರೆಂದು ಮಾಸ್ತರರನ್ನು ಕೇಳಿಕೊಳ್ಳಬಹುದು. ಅದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ.