ತಾಯಂದಿರ ಆರೋಗ್ಯವೂ ಶಾಲೆಯ ಹೊಣೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯು ಬೆಳೆದುಬಂದ ಬಗೆಯನ್ನು ನಾನು ಬರೆಯುವೆನೆಂದು ಅವರು ನಿರೀಕ್ಷಿಸಿರಬೇಕು. ಆ ಕಾರ್ಯವನ್ನು ಬೇರೆ ಮಹನೀಯರು ಸಮರ್ಥವಾಗಿ ನಿರ್ವಹಿಸುತ್ತಾರೆ. ನಾನು ಆರಿಸಿಕೊಂಡಿರುವುದು ಸ್ತ್ರೀಯರ ಗರ್ಭಕಂಠದ ಕ್ಯಾನ್ಸರ್ ಹಾಗೂ ಅದಕ್ಕೆ ಮೂಲವಾದ ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎಂಬ ರೋಗಾಣುವಿನ ವಿಷಯ. ಶುಭ ಸಂದರ್ಭದಲ್ಲಿ ಇದೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 80,000 ಸ್ತ್ರೀಯರು ಈ ಕಾಯಿಲೆಯಿಂದ ಮೃತರಾದರೆಂಬ ಅಂದಾಜಿದೆ. ತಡೆಯಬಹುದಾದ ಸಾವಿನ ಬಗ್ಗೆ ಸಂಕೋಚದಿಂದ ಮೌನವಾಗಿರುವುದು ವಿದ್ಯಾವಂತರಿಗೆ ಸಲ್ಲದು.

ಈ ರೋಗಾಣುವಿಗೂ ಈ ಕ್ಯಾನ್ಸರಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ರೋಗಾಣುವು ದೈಹಿಕ ಸಂಪರ್ಕದಿಂದ ಹರಡುತ್ತದೆ. ಈ ಒಂದು ಮಾತೇ ಅನರ್ಥಕ್ಕೆ ಕಾರಣವಾಗಿದೆ. ಸೋಂಕು ಎಂದೊಡನೆ ಹೆಂಗಸಿನ ನಡತೆಯನ್ನು ಶಂಕಿಸುವವರಿದ್ದಾರೆ. ಆ ಶಂಕೆಗೆ ಅಂಜಿ ಪರೀಕ್ಷೆಗೇ ಹೋಗದ ತಾಯಂದಿರೂ ಇದ್ದಾರೆ.

ಈ ಶಂಕೆ ಎಷ್ಟು ಆಧಾರರಹಿತವೆಂಬುದಕ್ಕೆ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ದಿಂಡುಗಲ್ ಜಿಲ್ಲೆಯ ಗ್ರಾಮಾಂತರ ಪ್ರದೇಶದಲ್ಲಿ 16ರಿಂದ 59 ವರ್ಷದೊಳಗಿನ 1,891 ವಿವಾಹಿತ ಸ್ತ್ರೀಯರನ್ನು ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 16.9 ಮಂದಿಗೆ, ಅಂದರೆ ಸುಮಾರು ಆರು ಜನರಲ್ಲಿ ಒಬ್ಬರಿಗೆ, ಸೋಂಕು ಇತ್ತು. ಒಬ್ಬರಿಗಿಂತ ಹೆಚ್ಚು ಪುರುಷರ ಸಂಪರ್ಕವಿತ್ತೆಂದು ತಿಳಿಸಿದವರಾದರೋ ತೀರ ವಿರಳ. ತನ್ನ ಗಂಡನನ್ನಲ್ಲದೆ ಅನ್ಯರನ್ನರಿಯದ ಗೃಹಿಣಿಗೂ ಈ ಸೋಂಕು ತಗಲುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಮುಂದುವರಿದ ದೇಶಗಳಲ್ಲಿ ವಯಸ್ಸಾದಂತೆ ಸೋಂಕು ವಿರಳವಾಗುವುದು ಸಾಮಾನ್ಯ. ಇಲ್ಲಿ ಎಲ್ಲ ವಯಸ್ಸಿನವರಲ್ಲಿಯೂ ಅದು ಒಂದೇ ಪ್ರಮಾಣದಲ್ಲಿತ್ತು. ಉಪಾಧ್ಯಾಯನಾದ ನನ್ನ ಮನಸ್ಸನ್ನು ತಟ್ಟಿದ ಇನ್ನೊಂದು ಅಂಶವೆಂದರೆ, ಹೆಚ್ಚು ಓದಿದ ಸ್ತ್ರೀಯರಲ್ಲಿ ಸೋಂಕು ಕಡಿಮೆಯಿತ್ತು.

ಸೋಂಕೆಲ್ಲವೂ ಕ್ಯಾನ್ಸರ್ ಅಲ್ಲ. ಬಹುಪಾಲು ಸೋಂಕು ಒಂದೆರಡು ವರ್ಷಗಳಲ್ಲಿ ತಾನಾಗಿ ಅಳಿಯುತ್ತದೆ. ಅಳಿಯದೆ ಉಳಿದದ್ದು ಹತ್ತಿಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರ್ ಆಗಬಹುದು. ರೋಗಾಣುವಿನಲ್ಲಿ ಅನೇಕ ಬಗೆಗಳಿವೆ. ದಿಂಡುಗಲ್ಲಿನಲ್ಲಿ 16ನೆಯ ಬಗೆಯೇ ಎಲ್ಲಕ್ಕಿಂತ ಹೆಚ್ಚಾಗಿ ಕಂಡಿತು. ಅನಂತರ 56, 31, 33 ಮತ್ತು 18. ಜಗತ್ತಿನಲ್ಲಿ ಈ ಕ್ಯಾನ್ಸರಿನ ಸುಮಾರು ಶೇಕಡಾ 70ಕ್ಕೆ 16 ಮತ್ತು 18ನೆಯ ಬಗೆಗಳೇ ಕಾರಣ. 2023ರಲ್ಲಿ ಬಿಡುಗಡೆಯಾದ ನಮ್ಮ ದೇಶದ ಸರ್ವಾವ್ಯಾಕ್ ಲಸಿಕೆ ಈ ಎರಡರ ವಿರುದ್ಧವೂ ರಕ್ಷಣೆ ನೀಡುತ್ತದೆ. ಉಳಿದ ಬಗೆಗಳ ಅಪಾಯ ಇದ್ದೇ ಇರುವುದರಿಂದ ಹೆಣ್ಣುಮಕ್ಕಳಿಗೆ ಲಸಿಕೆ, 30 ದಾಟಿದ ತಾಯಂದಿರಿಗೆ ತಪಾಸಣೆ, ಎರಡೂ ಬೇಕು.

ತಪಾಸಣೆಯ ಫಲವನ್ನೂ ದಿಂಡುಗಲ್ ಜಿಲ್ಲೆಯೇ ಲೋಕಕ್ಕೆ ತೋರಿಸಿದೆ. 2000ರಿಂದ 2003ರವರೆಗೆ ಅಲ್ಲಿ 31,343 ಸ್ತ್ರೀಯರನ್ನು ತರಬೇತಿ ಪಡೆದ ದಾದಿಯರು ಪರೀಕ್ಷಿಸಿದರು. ಗರ್ಭಕಂಠಕ್ಕೆ ದುರ್ಬಲ ಅಸಿಟಿಕ್ ಆಮ್ಲವನ್ನು ಲೇಪಿಸಿ, ಬೆಳ್ಳಗಾಗುವ ಭಾಗವನ್ನು ಕಣ್ಣಿನಿಂದ ಗುರುತಿಸುವ ಸರಳ ವಿಧಾನವದು. ತಪಾಸಣೆಯ ಸೌಲಭ್ಯವಿದ್ದ ಗ್ರಾಮಗಳಲ್ಲಿ ಈ ಕ್ಯಾನ್ಸರಿನ ಸಾವು ಶೇಕಡಾ 35ರಷ್ಟು ತಗ್ಗಿತೆಂದು 2007ರಲ್ಲಿ ಪ್ರಕಟವಾಯಿತು. ಹೀಗಿದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಭಾರತೀಯ ಸ್ತ್ರೀಯರ ಪೈಕಿ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ!

ಲಸಿಕೆಯ ಬಗ್ಗೆ ಪೋಷಕರಿಗಿರುವ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆಗ ಆಂಧ್ರಕ್ಕೆ ಸೇರಿದ್ದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಆರಂಭವಾದ ಲಸಿಕೆ ಯೋಜನೆಯನ್ನು 2010ರಲ್ಲಿ ನಿಲ್ಲಿಸಲಾಯಿತು. ಅಲ್ಲಿ ಸಂಭವಿಸಿದ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಸಿದ್ಧವಾಗಲಿಲ್ಲ. ಆದರೆ ಎಷ್ಟೋ ಬಾಲಕಿಯರ ಒಪ್ಪಿಗೆ ಪತ್ರಗಳಿಗೆ ಹೆತ್ತವರ ಬದಲು ವಸತಿಶಾಲೆಯ ಮೇಲ್ವಿಚಾರಕರು ಸಹಿ ಹಾಕಿದ್ದು ತಪ್ಪೇ ಸರಿ. ಉಪಾಧ್ಯಾಯರ ಕೆಲಸ ಸಹಿ ಹಾಕುವುದಲ್ಲ, ಹೆತ್ತವರಿಗೆ ತಿಳಿಯಹೇಳುವುದು.

ಆದುದರಿಂದ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ನನ್ನದೊಂದು ವಿನಂತಿ. ಮಹೋತ್ಸವದ ನೆನಪಿಗೆ ದಾನಿಗಳ ಹೆಸರು ಕೆತ್ತಿದ ಕಮಾನು ಕಟ್ಟಿಸುವುದಕ್ಕೆ ಮೊದಲು, ವರ್ಷಕ್ಕೊಮ್ಮೆ ಶಾಲೆಯಲ್ಲಿ ತಾಯಂದಿರ ತಪಾಸಣಾ ಶಿಬಿರ ನಡೆಸುವ ವ್ಯವಸ್ಥೆಯಾಗಲಿ. ಗೂಡಲೂರಿನಿಂದ ಕುಮಳಿಯ ಆಚೆಯ ಏಲಕ್ಕಿ ತೋಟಗಳಿಗೆ ನಸುಕಿನಲ್ಲಿಯೇ ಜೀಪು ಹತ್ತುವ ಹೆಂಗಸರು ಆಸ್ಪತ್ರೆಗೆಂದು ಒಂದು ದಿನದ ಕೂಲಿ ಬಿಡಲಾರರು, ಶಿಬಿರ ಭಾನುವಾರವಿರಲಿ. ಸೋಂಕು ಕಂಡವರನ್ನು ಚಿಕಿತ್ಸೆಗೆ ತಲುಪಿಸುವ ಭಾರವನ್ನೂ ಶಿಬಿರ ನಡೆಸುವವರೇ ಹೊರಲಿ. ಹೊರಗಿನ ವ್ಯವಹಾರವೆಲ್ಲ ತಮಿಳಿನಲ್ಲಿ ನಡೆದರೂ ನಮ್ಮ ಹೆಂಗಸರು ಮೈಯ ಸಂಕಟವನ್ನು ಹೇಳಿಕೊಳ್ಳುವುದು ಮನೆಮಾತಿನಲ್ಲಿ. ದಾದಿಯರೋ ವೈದ್ಯರೋ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಅಂದು ಬಂದು ಕನ್ನಡದಲ್ಲಿ ನಾಲ್ಕು ಮಾತನಾಡಿದರೆ ಅದಕ್ಕಿಂತ ದೊಡ್ಡ ಕಾಣಿಕೆ ಈ ಶಾಲೆಗೆ ಬೇಕಿಲ್ಲ.

ಮಹೋತ್ಸವ ಸಮಿತಿಯವರು ಈ ಸಲಹೆಯನ್ನು ಪರಾಮರ್ಶಿಸಬೇಕೆಂದು ಕೋರುತ್ತೇನೆ.