ಭಜನಿಗೆ ಹತ್ತು ನಿಮಿಷ ಸಾಕೇನ್ರಿ?

ಗೆಳೆಯರೇ, ಕಳೆದ ವರ್ಷದ ನಮ್ಮ ಫೆಸ್ಟ್ ನೆನಪಿದೆಯಾ? ಡಿಜೆ ರಾತ್ರಿಯ ವಿಡಿಯೊ ಇನ್ನೂ ಎಲ್ಲರ ಫೋನಿನಲ್ಲಿದೆ. ಅದೇ ದಿನ ಸಂಜೆ ದೇವಿಕೊಪ್ಪದಿಂದ ಬಂದಿದ್ದ ಭಜನಾ ಮೇಳ ಎಷ್ಟು ಜನರಿಗೆ ನೆನಪಿದೆ? ಅವರನ್ನು ಕರೆಸಿದ್ದು ಕನ್ನಡ ಸಂಘದವರಾದ ನಾವೇ. ಹಾಗಾಗಿ ಮೊದಲ ತಪ್ಪು ನಮ್ಮದೇ ಅಂತ ಒಪ್ಪಿಕೊಂಡು ಈ ಬರಹ ಶುರು ಮಾಡ್ತೀವಿ.

ಮೇಳದವರನ್ನು ಕರೆಯಲು ನಾವು ಕಲಘಟಗಿ ತಾಲೂಕಿನ ದೇವಿಕೊಪ್ಪಕ್ಕೆ ಹೋದಾಗ ಅವರು ದುಡ್ಡಿನ ಮಾತೇ ಎತ್ತಲಿಲ್ಲ. ಜಾತ್ರೆಗಳ ದಿನ, ಊರೂರು ತಿರುಗಾಟ ನಡೆದಿತ್ತು. ‘ಎಲಿ ಅಡಿಕಿ ಕೊಟ್ಟು ಕರದೀರಿ, ಬರ್ತೀವಿ’ ಅಂದರು. ಹನ್ನೊಂದು ಜನ ಒಂದು ಕ್ರೂಸರ್‌ನಲ್ಲಿ ಪೇಟಿ, ತಬಲಾ, ದಮ್ಮಡಿ, ತಾಳ ಇಟ್ಟುಕೊಂಡು ಬಂದರು. ಮೂರು ತಾಸು ಕಾದರು. ಸಿಕ್ಕಿದ್ದು ಹತ್ತು ನಿಮಿಷ. ಗುರುಸ್ತುತಿ ಮುಗಿಸಿ ಎರಡನೇ ಪದ ಎತ್ತಿಕೊಳ್ಳುವಾಗ ನಿರೂಪಕರು ‘ಧನ್ಯವಾದಗಳು’ ಅಂದುಬಿಟ್ಟರು. ವೇದಿಕೆಯಿಂದ ಇಳಿದ ಹಿರಿಯರು ಬೈಯಲಿಲ್ಲ. ‘ತಮ್ಮಾ, ಇನ್ನೂ ದನಿ ಕೂಡಿರಲಿಲ್ಲಲ್ಲೋ’ ಅಂದರು, ಅಷ್ಟೇ. ರಾತ್ರಿ ಇನ್ನೊಂದು ಊರಿನಲ್ಲಿ ಹಾಡಬೇಕಿತ್ತು, ಹೊರಟುಹೋದರು.

ದನಿ ಕೂಡೋದು ಅಂದರೇನು ಅಂತ ಗೊತ್ತಾಗಿದ್ದು ಆಮೇಲೆ, ಒಂದು ಅಮಾವಾಸ್ಯೆ ರಾತ್ರಿ ಅವರ ಭಜನೆ ಕೇಳಲು ಹೋದಾಗ. ಊಟ ಮುಗಿದ ಮೇಲೆ ಗುಡಿಯಲ್ಲಿ ಶುರುವಾಯ್ತು. ಒಬ್ಬರು ಪದ ಎತ್ತುತ್ತಾರೆ, ಉಳಿದವರು ಅದೇ ಸಾಲು ಹಿಡಿದು ತಿರುಗಿ ಹಾಡುತ್ತಾರೆ. ಮೊದಲು ನಿಧಾನ. ಮೂರು-ನಾಲ್ಕು ಪದ ಆದ ಮೇಲೆ ತಾಳ ಏರುತ್ತದೆ. ತಂಪಿಗೆ ದಮ್ಮಡಿಯ ಚರ್ಮ ಸಡಿಲಾದರೆ ಬೆಂಕಿಗೆ ಹಿಡಿದು ಕಾಯಿಸಿ ಮತ್ತೆ ಬಾರಿಸುತ್ತಾರೆ. ಕೇಳಲು ಬಂದವರೂ ಪಲ್ಲವಿ ಹಾಡತೊಡಗುತ್ತಾರೆ. ನಾವೂ ಹಾಡಿದೆವು. ಮಂಗಳ ಹಾಡುವಾಗ ನಸುಕಾಗಿತ್ತು.

ಇಂಥವರನ್ನು ಕರೆದು ನಾವೇನು ಮಾಡಿದೆವು? ಎತ್ತರದ ವೇದಿಕೆ ಮೇಲೆ ಕೂರಿಸಿದೆವು. ಹನ್ನೊಂದು ಜನಕ್ಕೆ ಎರಡೇ ಮೈಕ್ ಕೊಟ್ಟೆವು. ಮುಂದಿನ ಸಾಲಿನಲ್ಲಿ ಅತಿಥಿಗಳ ಸೋಫಾ ಹಾಕಿದೆವು. ಎಂಜಿನ್ ಬಿಸಿಯಾಗುವ ಮೊದಲೇ ಆಫ್ ಮಾಡಿ, ಗಾಡಿ ಎಳೆಯೋದಿಲ್ಲ ಅಂದಂಗಾತು.

‘ಎಂಜಿನಿಯರಿಂಗ್ ಕಾಲೇಜಿನಲ್ಲಿ ಭಜನೆ ಯಾಕೆ? ಒಂದೇ ಧರ್ಮದ್ದಾಗುತ್ತಲ್ಲ?’ ಅಂತ ಕೆಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ನಮ್ಮ ಕಡೆ ಭಜನೆ ಅಂದರೆ ಅದರಲ್ಲಿ ತತ್ವಪದಗಳು ಇದ್ದೇ ಇರುತ್ತವೆ, ಶಿಶುನಾಳ ಶರೀಫರ (1819–1889) ಪದಗಳಂತೂ ತಪ್ಪೋದಿಲ್ಲ. ಮುಸ್ಲಿಂ ಮನೆಯಲ್ಲಿ ಹುಟ್ಟಿದ ಶರೀಫರಿಗೆ ಗುರುವಾದವರು ನಮ್ಮದೇ ಜಿಲ್ಲೆಯ ಕುಂದಗೋಳ ತಾಲೂಕಿನ ಕಳಸದ ಗೋವಿಂದ ಭಟ್ಟರು. ಗಿರಣಿ ನೋಡಿ, ಅದರ ನೆಪದಲ್ಲಿ ತತ್ವ ಹೇಳಿದವರು ಶರೀಫರು. ಯಂತ್ರ ಓದುವ ನಾವು ಅದನ್ನು ಕೇಳಬಾರದಾ? ದೇವರನ್ನು ನಂಬದವರೂ ಕೂತು ಕೇಳಬಹುದು. ಯಾರೂ ಕೈ ಮುಗಿಯಿರಿ ಅನ್ನೋದಿಲ್ಲ.

‘ಯೂಟ್ಯೂಬ್‌ನಾಗ ಸಿಗತಾವಲ್ಲ’ ಅಂದರು ಇನ್ನು ಕೆಲವರು. ಹೌದು, ಸಿ. ಅಶ್ವತ್ಥ್ ಅವರ ದನಿಯಲ್ಲಿ ಆ ಪದಗಳು ನಾಡಿಗೆಲ್ಲ ಮುಟ್ಟಿದವು. 1990ರಲ್ಲಿ ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಸಿನಿಮಾನೂ ಬಂತು. ಆದರೆ ಆಗ ಶರೀಫರು ತೀರಿಕೊಂಡು ನೂರು ವರ್ಷ ದಾಟಿತ್ತು. ಕ್ಯಾಸೆಟ್ ಬರುವತನಕ ಆ ಪದಗಳನ್ನು ಊರಿಂದ ಊರಿಗೆ ಹೊತ್ತವರು ಬಹುಮಟ್ಟಿಗೆ ಇಂಥ ಮೇಳದವರೇ. ತಿರುಗಾಟ ನಿಂತರೆ ಹಾಡು ಫೋನಿನಲ್ಲಿ ಉಳಿಯಬಹುದು, ಕೂಡಿ ಹಾಡೋದು ಉಳಿಯೋದಿಲ್ಲ. ಆ ಮೇಳದಲ್ಲಿ ನಮ್ಮ ವಯಸ್ಸಿನವರು ಇಬ್ಬರೇ ಇದ್ದರು.

ಇನ್ನು ದುಡ್ಡಿನ ಮಾತು. ಡಿಜೆಗೆ ಮುಂಗಡ ಕೊಟ್ಟಿದ್ದೆವು. ಮೇಳದವರಿಗೆ ಕೊಟ್ಟದ್ದು ಶಾಲು, ನೆನಪಿನ ಕಾಣಿಕೆ. ಕ್ರೂಸರ್ ಬಾಡಿಗೆ ಅವರೇ ಹಾಕಿಕೊಂಡಿದ್ದರು ಅಂತ ತಿಳಿದದ್ದು ತಿಂಗಳಾದ ಮೇಲೆ. ಅವರು ಕೇಳಲಿಲ್ಲ, ನಿಜ. ಕೇಳದಿದ್ದರೆ ಕೊಡೋದು ಬೇಡವಾ? ಒಂದು ದಿನದ ಕೂಲಿ, ಹೊಲದ ಕೆಲಸ ಬಿಟ್ಟು ಬಂದವರು ಅವರು. ಶಾಲು ಹೊದಿಸಿದರೆ ಗಾಡಿಗೆ ಡೀಸೆಲ್ ಬೀಳೋದಿಲ್ಲ.

ಈ ವರ್ಷದ ಫೆಸ್ಟ್ ಪಟ್ಟಿ ಇನ್ನೂ ಅಚ್ಚಾಗಿಲ್ಲ. ನಾವು ಕೇಳೋದು ಇಷ್ಟೇ. ಒಂದು ರಾತ್ರಿ ಊಟವಾದ ಮೇಲೆ ಭಜನೆಗೆ ಎರಡು ತಾಸು ಬಿಡಿ. ವೇದಿಕೆ ಬೇಡ, ಲೈಬ್ರರಿ ಮುಂದಿನ ಅಂಗಳ ಸಾಕು, ಎಲ್ಲರೂ ನೆಲದ ಮೇಲೆ ಕೂಡೋಣ. ಗಾಡಿ ಬಾಡಿಗೆ, ಸಂಭಾವನೆ ಎರಡನ್ನೂ ಹಾಡುವ ಮೊದಲೇ ಅವರ ಕೈಗೆ ಕೊಡೋಣ.

‘ಹುಡುಗ್ರು ಕೂಡೂದಿಲ್ರೀ’ ಅನ್ನುವವರಿಗೆ ಒಂದು ಮಾತು. ಹತ್ತು ನಿಮಿಷ ಕೊಟ್ಟು ಹಾಗೆ ಹೇಳೋಕೆ ಬರೋದಿಲ್ಲ. ಎರಡು ತಾಸು ಕೊಟ್ಟು ನೋಡೋಣ. ಆಗಲೂ ಯಾರೂ ಕೂಡದಿದ್ದರೆ, ಮುಂದಿನ ವರ್ಷ ನಾವು ಈ ಮಾತು ಎತ್ತೋದಿಲ್ಲ.

ನವಲಗುಂದದ ಜಮಖಾನ ನಾವು ತರ್ತೀವಿ. ನೀವು ಬಂದು ಕೂಡ್ರಿ.