ಚೆಂಡು ಬಾಗಿಲು ತೆರೆಯಬಹುದು, ಶುಲ್ಕ ಕಟ್ಟದು

ಮುಂಬಯಿ, ಪುಣೆಯ ಕನ್ನಡಿಗರ ಮನೆಗಳಲ್ಲಿ ಮಕ್ಕಳನ್ನು ಪದವಿ ಶಿಕ್ಷಣಕ್ಕೇ ಅಮೆರಿಕಕ್ಕೆ ಕಳುಹಿಸುವ ಮಾತು ಈಗ ಅಪರೂಪವಲ್ಲ. ಮಗ ಅಥವಾ ಮಗಳು ಶಾಲಾ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುವವರಾದರಂತೂ ಈ ಮಾತಿಗೆ ಇನ್ನೊಂದು ಆಸೆ ಸೇರಿಕೊಳ್ಳುತ್ತದೆ: ಆಟದ ಬಲದಿಂದ ಒಳ್ಳೆಯ ಕಾಲೇಜಿನಲ್ಲಿ ಸೀಟು, ಮೇಲಾಗಿ ಫೀಸೂ ಇಲ್ಲ. ಈ ಆಸೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯದೆ ಮನೆ ಅಡವಿಟ್ಟು ಮುಂದುವರಿದರೆ ಪಶ್ಚಾತ್ತಾಪ ತಪ್ಪದು.

ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯಲ್ಲಿ ಮೂರು ವಿಭಾಗಗಳಿವೆ. ಟಿವಿಯಲ್ಲಿ ಕಾಣುವ, ಕ್ರೀಡಾ ವಿದ್ಯಾರ್ಥಿವೇತನ ಕೊಡುವ ದೊಡ್ಡ ವಿಶ್ವವಿದ್ಯಾಲಯಗಳು ಮೊದಲನೆಯ ವಿಭಾಗದಲ್ಲಿವೆ. ಓದಿಗೆ ಹೆಸರಾದ ಸಣ್ಣ ಕಾಲೇಜುಗಳಲ್ಲಿ ಹೆಚ್ಚಿನವು ಮೂರನೆಯ ವಿಭಾಗಕ್ಕೆ ಸೇರಿದವು. ಅಮ್ಹರ್ಸ್ಟ್, ವಿಲಿಯಮ್ಸ್, ಸ್ವಾರ್ತ್‌ಮೋರ್ ಇಲ್ಲಿವೆ. ಎಂಐಟಿ, ಕ್ಯಾಲ್ಟೆಕ್‌ಗಳೂ ಇದೇ ವಿಭಾಗದವು. ನಾನೂರಕ್ಕೂ ಹೆಚ್ಚು ಕಾಲೇಜುಗಳಿರುವ ಈ ವಿಭಾಗವೇ ಮೂರರಲ್ಲಿ ದೊಡ್ಡದು. ಇಲ್ಲಿ ಕ್ರೀಡೆಗಾಗಿ ಒಂದು ಡಾಲರ್ ವಿದ್ಯಾರ್ಥಿವೇತನವನ್ನೂ ಕೊಡುವಂತಿಲ್ಲ.

ಈ ಸಣ್ಣ ಕಾಲೇಜುಗಳತ್ತ ಈಗ ಕಣ್ಣು ಹಾಯಿಸಲು ಕಾರಣವಿದೆ. 2024ರಲ್ಲಿ ಬಂದ ನಿಯಮ ಆಟಗಾರರು ಪದೇ ಪದೇ ಕಾಲೇಜು ಬದಲಿಸಿದರೂ ಕೂಡಲೇ ಆಡಲು ಅವಕಾಶ ನೀಡಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ದೊಡ್ಡ ಕಾಲೇಜುಗಳು ಮೊದಲ ವರ್ಷ ಸುಮಾರು 2 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದಾಯಿತು. ಹಣ ಕೊಡುವ ಕೋಚ್ ಪಳಗಿದ, ವಯಸ್ಸಿನಲ್ಲಿ ಹಿರಿಯ ಆಟಗಾರನನ್ನು ಬಯಸುವುದು ಸಹಜ. ಹೈಸ್ಕೂಲಿನಿಂದ ನೇರವಾಗಿ ಬರುವ ಹುಡುಗನಿಗೆ ಅಲ್ಲಿ ಜಾಗ ಕಿರಿದಾಗಿದೆ. ವಿದ್ಯಾರ್ಥಿ ವೀಸಾದ ಕೆಲಸದ ನಿರ್ಬಂಧಗಳಿಂದಾಗಿ ಆ ಹಣವೂ ನಮ್ಮ ಮಕ್ಕಳಿಗೆ ಸುಲಭವಾಗಿ ದಕ್ಕುವಂಥದ್ದಲ್ಲ.

ಹಾಗಾದರೆ ಸಣ್ಣ ಕಾಲೇಜಿನ ಕೋಚ್ ಏನು ಮಾಡಬಲ್ಲರು? ವಿದ್ಯಾರ್ಥಿಯೇ ಮೊದಲು ಅವರಿಗೆ ಪತ್ರ ಬರೆದು, ಪಂದ್ಯದ ವಿಡಿಯೋ, ಎತ್ತರ, ಅಂಕಪಟ್ಟಿ ಕಳುಹಿಸಬೇಕು. ಆಟ ಹಿಡಿಸಿದರೆ ಕೆಲವು ಕಾಲೇಜುಗಳಲ್ಲಿ ಕೋಚ್ ಆ ಅಂಕಪಟ್ಟಿಯನ್ನು ಪ್ರವೇಶ ವಿಭಾಗಕ್ಕೆ ಮುಂಚಿತವಾಗಿ ತೋರಿಸಿ ಅಭಿಪ್ರಾಯ ಕೇಳುತ್ತಾರೆ. ಅನುಕೂಲವೆನಿಸಿದರೆ ಅರ್ಜಿಗೆ ಬೆಂಬಲ ಸೂಚಿಸುತ್ತಾರೆ. ಸಮಾನ ಅಂಕದ ನೂರಾರು ಅರ್ಜಿಗಳ ನಡುವೆ ಈ ಬೆಂಬಲದ ತೂಕ ಸಣ್ಣದಲ್ಲ. ಆದರೆ ಸೀಟು ಕೊಡುವುದು ಪ್ರವೇಶ ವಿಭಾಗ, ಕೋಚ್ ಅಲ್ಲ. ಕ್ಯಾಲ್ಟೆಕ್ ಪುರುಷರ ತಂಡ 2011ರಲ್ಲಿ ಆಕ್ಸಿಡೆಂಟಲ್ ಕಾಲೇಜನ್ನು 46-45ರಿಂದ ಸೋಲಿಸುವ ಮುನ್ನ ತನ್ನ ಲೀಗ್‌ನಲ್ಲಿ ಸತತ 310 ಪಂದ್ಯ ಸೋತಿತ್ತು. ಅಂಥ ಸೋಲಿನ ನಡುವೆಯೂ ಅದು ಪ್ರವೇಶದ ಮಟ್ಟವನ್ನು ಇಳಿಸಲಿಲ್ಲ.

ಇನ್ನು ಹಣದ ಪ್ರಶ್ನೆ. ಇಂತಹ ಹಲವು ಖಾಸಗಿ ಕಾಲೇಜುಗಳಲ್ಲಿ ಊಟ, ವಸತಿ ಸೇರಿ ವರ್ಷದ ಖರ್ಚು 80 ಸಾವಿರ ಡಾಲರ್ ದಾಟಿದೆ, ಎಂದರೆ ಸುಮಾರು 70 ಲಕ್ಷ ರೂಪಾಯಿ. ನೆರವು ಸಿಗುವುದು ಕುಟುಂಬದ ಆದಾಯದ ಮೇಲೆ ಅಥವಾ ಓದಿನ ಅರ್ಹತೆಯ ಮೇಲೆ. ಎಂಐಟಿ, ಅಮ್ಹರ್ಸ್ಟ್, ಬೌಡನ್‌ನಂಥ ಕೆಲವೇ ಕಾಲೇಜುಗಳು ವಿದೇಶಿ ವಿದ್ಯಾರ್ಥಿಯ ಹಣಬಲ ನೋಡದೆ ಪ್ರವೇಶ ನಿರ್ಧರಿಸಿ, ಬೇಕಾದ ನೆರವನ್ನು ಪೂರ್ತಿ ಕೊಡುತ್ತವೆ. ಉಳಿದ ಹೆಚ್ಚಿನ ಕಡೆ ನೆರವು ಕೇಳಿದ ವಿದೇಶಿ ವಿದ್ಯಾರ್ಥಿಗೆ ಪ್ರವೇಶವೇ ಕಠಿಣ. ಕೋಚ್ ಬೆಂಬಲದ ಪ್ರತಿಯಾಗಿ ನವೆಂಬರ್‌ನಲ್ಲೇ, ಸೀಟು ಸಿಕ್ಕರೆ ಅಲ್ಲಿಗೇ ಸೇರುತ್ತೇನೆಂಬ ಬದ್ಧತೆಯ ಅರ್ಜಿ ಹಾಕಲು ಹೇಳುವುದುಂಟು. ಸಹಿ ಹಾಕುವ ಮೊದಲು ಕಾಲೇಜಿನ ಜಾಲತಾಣದಲ್ಲಿರುವ ಖರ್ಚಿನ ಲೆಕ್ಕಾಚಾರವನ್ನು ಹೆತ್ತವರು ಕುಳಿತು ನೋಡಲೇಬೇಕು.

ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ನೆಮ್ಮದಿಯೂ ಇದೆ. ನೆರವು ಆಟಕ್ಕೆ ಅಂಟಿಕೊಂಡಿಲ್ಲದ ಕಾರಣ, ಮೊಣಕಾಲಿಗೆ ಏಟಾಗಿ ಮಗ ಆಟ ಬಿಟ್ಟರೂ ಅವನ ಓದು ನಿಲ್ಲುವುದಿಲ್ಲ. ಆಟದಲ್ಲಿ ಮುಂದೇರುವ ದಾರಿಯೂ ಪೂರ್ತಿ ಮುಚ್ಚಿಲ್ಲ. ವಿಲಿಯಮ್ಸ್ ಪರ 2014ರ ಮೂರನೆಯ ವಿಭಾಗದ ಫೈನಲ್ ಆಡಿದ ಡಂಕನ್ ರಾಬಿನ್ಸನ್ ಬಳಿಕ ಮಿಷಿಗನ್‌ಗೆ ಹೋಗಿ, ಅಲ್ಲಿಂದ ಎನ್‌ಬಿಎ ತಲುಪಿದರು. ಆದರೆ ಇದು ಸಾವಿರಕ್ಕೊಂದು ಕಥೆ.

'ಸೀಟು ಗ್ಯಾರಂಟಿ' ಎಂದು ಲಕ್ಷಗಟ್ಟಲೆ ಕೇಳುವ ಮಧ್ಯವರ್ತಿಗಳನ್ನು ದೂರವಿಡುವುದು ಲೇಸು. 2019ರಲ್ಲಿ ಬಯಲಾದ ಅಮೆರಿಕದ ಪ್ರವೇಶ ಹಗರಣದಲ್ಲಿ ಕೋಚ್‌ಗಳಿಗೆ ಲಂಚ ಕೊಟ್ಟು, ಆಡದ ಮಕ್ಕಳನ್ನೂ ಆಟಗಾರರೆಂದು ತೋರಿಸಲಾಗಿತ್ತು. ಅದರ ಸೂತ್ರಧಾರ ರಿಕ್ ಸಿಂಗರ್‌ಗೆ 2023ರಲ್ಲಿ ಮೂರೂವರೆ ವರ್ಷ ಜೈಲು ಶಿಕ್ಷೆಯಾಯಿತು. ಹೆತ್ತವರೂ ಜೈಲಿಗೆ ಹೋದರು. ಕೋಚ್‌ಗೆ ಪತ್ರ ಬರೆಯಲು ಯಾರ ಮಧ್ಯಸ್ಥಿಕೆಯೂ ಬೇಕಿಲ್ಲ, ಮಕ್ಕಳೇ ಬರೆದರೆ ಸಾಕು.

ನಮ್ಮ ದೇಶದಲ್ಲೂ ಗಾಳಿ ಬದಲಾಗುತ್ತಿದೆ. ಚೆನ್ನೈಯ ಐಐಟಿ ಮದ್ರಾಸ್ 2024-25ರಿಂದ ಪ್ರತಿ ಪದವಿ ಕೋರ್ಸಿಗೆ ಎರಡು ಹೆಚ್ಚುವರಿ ಸೀಟುಗಳನ್ನು ಕ್ರೀಡಾ ಸಾಧಕರಿಗೆ ಇಟ್ಟಿತು, ಒಂದು ಹುಡುಗಿಯರಿಗೆ. ಆದರೆ ಜೆಇಇ ಅಡ್ವಾನ್ಸ್‌ಡ್ ರ‍್ಯಾಂಕ್ ಪಟ್ಟಿಯಲ್ಲಿ ಹೆಸರಿರಲೇಬೇಕು. ಅಲ್ಲಿಯ ಸಣ್ಣ ಕಾಲೇಜಿರಲಿ, ಇಲ್ಲಿಯ ಐಐಟಿಯಿರಲಿ, ಹೇಳುವುದು ಒಂದೇ ಮಾತು: ಮೊದಲು ಪುಸ್ತಕ, ಅದರ ಜೊತೆಗೆ ಚೆಂಡು. ಹತ್ತನೇ ತರಗತಿ ಬಂತೆಂದು ಮಕ್ಕಳ ಆಟ ಬಿಡಿಸುವ ಹೆತ್ತವರೂ, ಆಟವನ್ನೇ ನಂಬಿ ಓದು ಬಿಡಿಸುವ ಹೆತ್ತವರೂ ಇದನ್ನು ಗಮನಿಸಿದರೆ ಒಳಿತು.